ಇನ್ನೂರ ತೊಂಬತ್ತಮೂರರ ಶೇಷ

ಈ ಕತೆ ನಿಜ, ಲೆಕ್ಕ ಹಾಕಿ ನೋಡಬಹುದು. ಇದರಲ್ಲಿ ಸುಳ್ಳು ಒಂದೇ ಒಂದು. ಅದನ್ನು ಬರೆದವನು ಹನ್ನೆರಡು ವರ್ಷದ ಪರಮೇಶ. ಬರೆದದ್ದು ತಳಕಲ್ಲಿನ ಶಾಲೆಯಲ್ಲಿ, ಈಶಪ್ಪ ಮಾಸ್ತರರ ರಟ್ಟಿನ ವಹಿಯಲ್ಲಿ.

ಮಾಸ್ತರರಿಗೆ ಒಂದು ಸಂಖ್ಯೆಯ ಹುಚ್ಚು: ೧೦೦೦೦೦೯. ಹತ್ತು ಲಕ್ಷದ ಒಂಬತ್ತು. ಅದು ಅವಿಭಾಜ್ಯ, ಒಂದನ್ನೂ ತನ್ನನ್ನೂ ಬಿಟ್ಟರೆ ಯಾವುದಕ್ಕೂ ಬಗ್ಗುವುದಿಲ್ಲ ಎಂದು ಅವರು ನಂಬಿದ್ದರು. ತೋರಿಸಬೇಕಾದರೆ ಸಾವಿರದೊಳಗಿನ ನೂರ ಅರವತ್ತೆಂಟು ಅವಿಭಾಜ್ಯ ಸಂಖ್ಯೆಗಳಿಂದಲೂ ಅದನ್ನು ಭಾಗಿಸಿ ನೋಡಬೇಕು. ಒಂದೇ ಒಂದು ಸಲ ಶೇಷ ಉಳಿಯದಿದ್ದರೂ ನಂಬಿಕೆ ಮಣ್ಣುಪಾಲು. ಆ ಭಾಗಾಕಾರಗಳನ್ನು ಅವರು ಏಳನೇ ತರಗತಿಯ ಮಕ್ಕಳಿಗೆ ತಲೆಗೊಂದರಂತೆ ಹಂಚಿದರು. ನಾಲ್ಕು ವರ್ಷ ಹಿಡಿಯಿತು. ಶೇಷ ಬರೆದು ಸಹಿ ಹಾಕಿದರೆ ಮುಗಿಯಿತು.

"ನಿಮ್ಮ ಸಹಿ ಅಂದ್ರ ನಿಮ್ಮ ಮಾತು. ನಾ ತಿರುಗಿ ನೋಡಂಗಿಲ್ಲ," ಎನ್ನುತ್ತಿದ್ದರು. ನೋಡಲೂ ಇಲ್ಲ.

ಪರಮೇಶನ ಪಾಲಿಗೆ ೨೯೩ ಬಂತು. ಅವನೋ ಮಾಸ್ತರರ ದನಿ ಅಣಕಿಸಿ ಗೆಳೆಯರನ್ನು ನಗಿಸುವುದರಲ್ಲಿ ಮುಳುಗಿದ್ದ. ಭಾಗಿಸದೆಯೇ 'ಶೇಷ ೧೧೭' ಎಂದು ಗೀಚಿ ಸಹಿ ಹಾಕಿದ.

ಮೂವತ್ತು ವರ್ಷ ಕಳೆಯಿತು. ಈಗ ಕುಷ್ಟಗಿಯಲ್ಲಿ ಪಾಠ ಹೇಳುವ ಅವನಿಗೆ ಊರಿನಿಂದ ಫೋನು ಬಂತು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಯ ಗೋಡೆಯ ಮೇಲೆ ಆ ಸಂಖ್ಯೆಯನ್ನು ಮಾಸ್ತರರ ಹೆಸರಿನೊಡನೆ ಬರೆಸುತ್ತಿದ್ದರು. ಅದನ್ನು ನೋಡಿಯೇ ಹೋಗಬೇಕೆಂದು ಮಾಸ್ತರರು ಹೃದಯದ ಆಪರೇಷನ್ನನ್ನು ವಾರ ಮುಂದೂಡಿದ್ದರು. ಪರಮೇಶ ಮೊಬೈಲಿನಲ್ಲಿ ಭಾಗಿಸಿದ. ೩೪೧೩. ದಶಾಂಶದ ಚುಕ್ಕೆ ಕೂಡ ಇಲ್ಲ. ಆಗಲೇ ಊರಿನ ಬಸ್ಸು ಹತ್ತಿದ.

ಅವನು ತಲುಪುವಷ್ಟರಲ್ಲಿ ಪೇಂಟರ್ ಅಸ್ಲಮ ಒಂದು, ಮೂರು ಸೊನ್ನೆ ಬರೆದಿದ್ದ. ಎದುರಿಗೆ ಕುರ್ಚಿಯಲ್ಲಿ ಮಾಸ್ತರರು.

"ಯಾರಪಾ ಅದು?"

"ಪರಮೇಶ್ರಿ, ಸರ್."

"ಇನ್ನೂರಾ ತೊಂಬತ್ತಮೂರು! ಬಾರೋ ಮಂಗ್ಯಾ. ಈಗೂ ನನ್ನ ದನಿ ತಗೀತಿಯೇನು?"

ಪರಮೇಶ ತನ್ನ ಸ್ವಂತ ದನಿಯಲ್ಲೇ ಹೇಳಿದ. "ಸರ್... ಅವತ್ತ ನಾ ಭಾಗಿಸಲಿಲ್ರಿ. ಸುಳ್ಳ ಬರದೆ. ಭಾಗ ಹೋಗ್ತೈತ್ರಿ."

ಅಸ್ಲಮನ ಬ್ರಷ್ಷು ನಿಂತಿತು. ಮಾಸ್ತರರು ಅವನತ್ತ ಕೈ ಚಾಚಿದರು.

"ಇದ್ಲಿ ಕೊಡು."

ಅಸ್ಲಮ ಗೆರೆ ಎಳೆಯಲು ತಂದಿದ್ದ ಇದ್ದಿಲ ತುಂಡು ಹಿಡಿದು ಎದ್ದು, ಬಿಳಿಗೋಡೆಯ ಮೂಲೆಯಲ್ಲಿ ದೊಡ್ಡ ದೊಡ್ಡ ಅಂಕಿಗಳಲ್ಲಿ ತಾವೇ ಭಾಗಿಸತೊಡಗಿದರು. ಉಸಿರು ಹತ್ತಿತು, ಪರಮೇಶ ತೋಳು ಹಿಡಿದ. ಕೊನೆಗೆ ೮೭೯ ಉಳಿಯಿತು. ಮೂರು ಸಲ ೨೯೩. ಕೆಳಗೆ ಸೊನ್ನೆ ಬರೆದು ಅದನ್ನೇ ನೋಡುತ್ತ ನಿಂತರು. ಅವರ ಹೆಗಲು ನಡುಗಿತು.

"ಸರ್, ಕುಂದರ್ರಿ. ತಪ್ಪಾತ್ರಿ."

"ನೂರಾ ಅರವತ್ತೇಳು ಮಂದಿ ಗೋಳಾಡಿ ಭಾಗಿಸ್ಯಾರ, ಒಂದೂ ಹೋಗಿಲ್ಲ. ಹೋಗೂದು ಒಂದ ಇತ್ತಲೋ... ಅದನ್ನ ಹುಡುಕಿ ಹುಡುಕಿ ನಿನ್ನಂಥಾ ಕಳ್ಳಗ ಕೊಟ್ಟೇನಿ!"

"ಮುಂದ ಏನ ಬರೀಲ್ರಿ ಸರ?" ಅಸ್ಲಮ ಮೆಲ್ಲಗೆ ಕೇಳಿದ.

"ಗುಣಾಕಾರ ಬರಿ. ಇನ್ನೂರಾ ತೊಂಬತ್ತಮೂರ ಗುಣಿಲೆ ಮೂರ ಸಾವಿರದ ನಾಕನೂರಾ ಹದಿಮೂರು. ನನ್ನ ಹೆಸರ ಬ್ಯಾಡ. ಇವನ ಕಡಿಂದ ಸಹಿ ಹಾಕಸು."

ಅಸ್ಲಮ ನಕ್ಕ. ಕಣ್ಣೊರೆಸಿಕೊಳ್ಳುತ್ತ ಪರಮೇಶನೂ ನಕ್ಕ. ಆದರೆ ಗೋಡೆಗೆ ಕೈಯೂರಿ, ಮಸಿಗೈಯಿಂದ ಎದೆ ಹಿಡಿದುಕೊಂಡು, ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಸ್ತರರೇ.