ಒಂದು ಘಟನೆ ಬೇಕಾಗಿದೆ

ಚೋನ್ ಎರಡು ಕಡೆ ದುಡಿಯುತ್ತಾನೆ. ಬೆಳಗ್ಗೆ ಗ್ಯಾರೇಜಿನಲ್ಲಿ ಸೈಲೆನ್ಸರ್ ಕೂರಿಸುವುದು, ಮಧ್ಯಾಹ್ನದ ಮೇಲೆ ಟೈರ್ ಅಂಗಡಿ. ಎರಡೂ ದೊಡ್ಡ ಕಂಪನಿಗಳವೇ. ವಾರಕ್ಕೆ ಮೂವತ್ತು ಗಂಟೆ ದುಡಿಸಿಕೊಂಡರೆ ಆರೋಗ್ಯ ವಿಮೆ ಕೊಡಬೇಕಾಗುತ್ತದೆ ಎಂದು ಇಬ್ಬರು ಮ್ಯಾನೇಜರುಗಳಿಗೂ ಚೆನ್ನಾಗಿ ಗೊತ್ತು. ಅದಕ್ಕೇ ಮೂವತ್ತು ಹತ್ತಿರವಾದ ಕೂಡಲೇ "ಮನೆಗೆ ಹೋಗಪ್ಪಾ, ರೆಸ್ಟ್ ತಗೋ" ಎಂದು ಬೆನ್ನು ತಟ್ಟಿ ಕಳಿಸುತ್ತಾರೆ. ನನ್ನ ಅತ್ತೆಗೂ ನನ್ನ ಮೇಲೆ ಇಂಥದ್ದೇ ಪ್ರೀತಿ ಇತ್ತು.

ಹೀಗೆ ವಾರವೆಲ್ಲ ಮೈ ಮುರಿದು ದುಡಿಯುವ ಮನುಷ್ಯನಿಗೆ ಹರ್ನಿಯಾ ಆಯಿತು. ಟೈರ್ ಎತ್ತುವಾಗ ಹೊಟ್ಟೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು ಹೊರಗೆ ಬರುತ್ತಿತ್ತು. ಆಸ್ಪತ್ರೆಯವರು ನೋಡಿ, ಈಗಲೇ ಸಾಯುವುದಿಲ್ಲ, ಆದರೆ ಕರುಳು ಸಿಕ್ಕಿಹಾಕಿಕೊಂಡರೆ ಕಷ್ಟ, ಬೇಗ ಆಪರೇಷನ್ ಮಾಡಿಸಿ ಎಂದರು. ಯಾವ ವಿಮೆ ಎಂದು ಕೇಳಿದರು. ಚೋನ್ ಟೋಪಿ ಹಾಕಿಕೊಂಡು ಮನೆಗೆ ಬಂದ.

ಅವನ ಮನೆಯಾಕೆ ಅಂಪಾರೊ ನನ್ನ ಜೊತೆ ಸ್ಯಾನ್ ಆಂಟೊನಿಯೊದ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ನಮಗೆ ವಿಮೆ ಇದೆ, ಗಂಡನನ್ನೂ ಅದಕ್ಕೆ ಸೇರಿಸಬಹುದು. ನನಗೆ ವಿಮೆ ಉಂಟು, ಸೇರಿಸಲು ಗಂಡನಿಲ್ಲ, ಓಡಿಹೋದ. ಅವಳಿಗಾದರೆ ಗಂಡ ಇದ್ದಾನಲ್ಲ, ಹದಿನಾರು ವರ್ಷದಿಂದ "ನಮ್ಮುದುಕ, ನಮ್ಮುದುಕ" ಎಂದು ಬಾಯಿತುಂಬ ಹೇಳುತ್ತಾಳಲ್ಲ, ಯಾಕೆ ಸೇರಿಸಿಲ್ಲ ಎಂದು ನನಗೆ ಸಿಟ್ಟು. ಇಬ್ಬರನ್ನೂ ಎಳೆದುಕೊಂಡು ವಿಮೆ ನೋಡಿಕೊಳ್ಳುವ ಮಿಸ್ ಟ್ರೆವಿನ್ಯೊ ಅವರ ಕಚೇರಿಗೆ ಹೋದೆ.

"ಈಗ ಸೇರಿಸೋಕಾಗಲ್ಲಮ್ಮ. ಅದಕ್ಕೆ ವರ್ಷಕ್ಕೊಂದೇ ಸಲ ಬಾಗಿಲು ತೆಗೆಯೋದು. ಮಧ್ಯದಲ್ಲಿ ಬೇಕಂದ್ರೆ ಜೀವನದಲ್ಲಿ ಏನಾದ್ರೂ ಘಟನೆ ನಡೆದಿರಬೇಕು" ಎಂದರು ಮಿಸ್ ಟ್ರೆವಿನ್ಯೊ.

"ಘಟನೆಗೇನ್ ಬರ?" ಎಂದಳು ಅಂಪಾರೊ. "ಆಲಿಕಲ್ಲು ಬಿದ್ದು ಸೂರು ತೂತಾಯ್ತು. ನಾಯಿ ಸತ್ತೋಯ್ತು. ನಮ್ ತಂಗಿ ಬೇರೆ ಚರ್ಚಿಗೆ ಸೇರ್ಕೊಂಡ್ಲು."

"ಅವೆಲ್ಲ ಅಲ್ಲ. ಹೆರಿಗೆ, ವಿಚ್ಛೇದನ, ಮದುವೆ. ಮದುವೆಯಾದ ಮೂವತ್ತು ದಿನದೊಳಗೆ ಬಂದು ಹೇಳ್ಬೇಕು. ನಿಮ್ಮ ಮದುವೆ ಯಾವಾಗ ಆಯ್ತು?"

ಅಂಪಾರೊ ಕಿಟಕಿಯ ಕಡೆ ನೋಡಿದಳು. ಚೋನ್ ತನ್ನ ಬೂಟು ನೋಡಿಕೊಂಡ. ನನ್ನ ತಲೆಯೊಳಗೆ ದೀಪ ಹತ್ತಿತು.

"ಆಗೇ ಇಲ್ವೇನೇ?" ಎಂದು ಕಿರುಚಿದೆ.

ನಾನು ಕಿರುಚಿದ್ದಕ್ಕೆ ಕಾರಣವಿದೆ. ನಮ್ಮ ಚರ್ಚಿನಲ್ಲಿ ಮದುವೆಯಾಗಲಿರುವ ಜೋಡಿಗಳಿಗೆ ಶನಿವಾರ ಒಂದು ಪಾಠ ನಡೆಯುತ್ತದೆ. ಗಂಡ ಹೆಂಡತಿ ಹೇಗೆ ಬಾಳಬೇಕು, ಮದುವೆಗೆ ಮುಂಚೆ ಒಂದೇ ಮನೆಯಲ್ಲಿ ಯಾಕಿರಬಾರದು, ಎಲ್ಲವನ್ನೂ ಬೆರಳು ಎತ್ತಿ ಹೇಳಿಕೊಡುವವಳು ಇದೇ ಅಂಪಾರೊ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ!

"ಈಗೇನಂತೆ, ಒಳ್ಳೇದೇ ಆಯ್ತು," ಎಂದೆ. "ಇವತ್ತು ಮದುವೆ ಆಗಿ, ನಾಳೆ ವಿಮೆ."

ಚೋನ್ ಎದೆ ಸೆಟೆಸಿ ಕೂತ. "ನಾನ್ಯಾಕೆ ಇವತ್ತು ಆಗ್ಲಿ? ಹದಿನಾರು ವರ್ಷದಿಂದ ಇವ್ಳು ನನ್ ಹೆಂಡ್ತಿ. ಊರಿಗೆಲ್ಲ ಹಾಗೇ ಹೇಳಿದೀನಿ."

ಮಿಸ್ ಟ್ರೆವಿನ್ಯೊ ಎರಡೂ ಕಿವಿಗೆ ಕೈಯಿಟ್ಟುಕೊಂಡರು. "ಅಯ್ಯೋ, ಸುಮ್ನಿರಿ! ಟೆಕ್ಸಸ್‌ನಲ್ಲಿ ಇಬ್ಬರೂ ಒಪ್ಕೊಂಡು, ಒಟ್ಟಿಗಿದ್ದು, ಗಂಡ ಹೆಂಡ್ತಿ ಅಂತ ಹೇಳ್ಕೊಂಡು ತಿರುಗಿದ್ರೆ ಅದೂ ಮದುವೆನೇ. ಹಾಗಾದ್ರೆ ನಿಮ್ ಮೂವತ್ತು ದಿನ ಮುಗಿದು ಹದಿನಾರು ವರ್ಷ ಆಯ್ತು!"

"ನಾನೆಲ್ಲಿ ಒಪ್ಕೊಂಡೆ?" ಎಂದಳು ಅಂಪಾರೊ ತಟ್ಟನೆ. "ಇವ್ನು ಕೇಳಿದ್ರೆ ತಾನೇ ಒಪ್ಕೊಳ್ಳೋದು! ಬಾಡಿಗೆ ಮನೆಗೆ ಬಂದ ದಿನ ಓನರಮ್ಮ ಇವರ್ಯಾರು ಅಂದ್ರು. ಏನ್ ಹೇಳೋದು ಗೊತ್ತಾಗ್ದೆ ನಮ್ಮುದುಕ ಅಂದೆ. ಅಷ್ಟೇ ನನ್ ಮದುವೆ!"

ಇದು ವಿಮೆಯ ಮಾತಲ್ಲ, ಬಹಳ ಹಳೆಯ ನೋವು ಎಂದು ನನಗೆ ಗೊತ್ತಾಯಿತು. ಚೋನ್‌ಗೆ ಗೊತ್ತಾಗಲಿಲ್ಲ. ಗಂಡಸರಿಗೆ ಸೈಲೆನ್ಸರ್ ಕೆಟ್ಟರೆ ಮೈಲಿ ದೂರಕ್ಕೆ ಕೇಳುತ್ತದೆ, ಇದು ಕೇಳುವುದಿಲ್ಲ.

"ಅಂದ್ರೆ ಒಪ್ಪಿಗೆ ಇರ್ಲಿಲ್ಲ, ಮದುವೆನೂ ಆಗಿಲ್ಲ," ಎಂದು ಮಿಸ್ ಟ್ರೆವಿನ್ಯೊ ಖುಷಿಯಿಂದ ಕೈ ಇಳಿಸಿದರು. "ಹೋಗಿ ಆಗ್ಬನ್ನಿ."

ಆದರೆ ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು ಅಂತ ಸರ್ಕಾರದ ಮುಂದೆ ಹೇಳಲ್ಲ ಎಂದು ಚೋನ್ ಹಟ ಹಿಡಿದ. ಅಂಪಾರೊಗೆ ಬೇರೆಯೇ ಭಯ. ಮದುವೆ ಪರವಾನಗಿ ಕೊಡುವ ಹುಡುಗಿ ನಮ್ಮ ಚರ್ಚಿನ ದೋಣ್ಯಾ ಕೂಕಾಳ ಸೋದರ ಸೊಸೆ. ಕೂಕಾಳ ಕಿವಿಗೆ ಬಿದ್ದದ್ದು ಪಾದ್ರಿಗಳು ಆಮೆನ್ ಅನ್ನುವುದರೊಳಗೆ ಊರಾಚೆ ತಲುಪುತ್ತದೆ.

"ನಿನ್ ಮಾನ ದೊಡ್ಡದಾ, ಅವನ ಕರುಳು ದೊಡ್ಡದಾ?" ಎಂದು ಶಾಲೆಯ ಅಡುಗೆಮನೆಯಲ್ಲಿ ಬೀನ್ಸ್ ಪಾತ್ರೆ ತೊಳೆಯುತ್ತಾ ಬೈದೆ. ಅವಳು ಇನ್ನೊಂದು ಪಾತ್ರೆ ಎಳೆದುಕೊಂಡು ಉಜ್ಜತೊಡಗಿದಳು.

ಶನಿವಾರ ಎಂದಿನಂತೆ ಪಾಠ. ಚರ್ಚಿನ ಹಜಾರದಲ್ಲಿ ಎಳೆಯ ಜೋಡಿಗಳು ಕೈ ಕೈ ಹಿಡಿದು ಕೂತಿದ್ದವು. ಹಿಂದಿನ ಸಾಲಿನಲ್ಲಿ ದೋಣ್ಯಾ ಕೂಕಾ ಕಾಫಿ ಬಗ್ಗಿಸುತ್ತಿದ್ದಳು. "ಗಂಡ ಹೆಂಡತಿ ಮಧ್ಯೆ ಮುಚ್ಚುಮರೆ ಇರಬಾರದು," ಎಂದು ಅಂಪಾರೊ ಶುರು ಮಾಡಿದ್ದಳು. ಆಗ ಕುರ್ಚಿ ಹೊತ್ತು ತರುತ್ತಿದ್ದ ಚೋನ್ ಕುರ್ಚಿಗಳನ್ನು ಬೀಳಿಸಿ, ಹೊಟ್ಟೆ ಹಿಡಿದುಕೊಂಡು, ಅವಳೆದುರು ಒಂದು ಮೊಣಕಾಲೂರಿ ಕುಸಿದ.

ಮುಂದಿನ ಸಾಲಿನ ಹುಡುಗಿಯೊಬ್ಬಳು, ಹೆಂಡತಿಗೆ ಮತ್ತೆ ಪ್ರೇಮ ನಿವೇದನೆ ಮಾಡುತ್ತಿದ್ದಾನೆ ಎಂದುಕೊಂಡು ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು.

"ತಟ್ಟಬೇಡ್ರೇ, ನೋವು ಅವ್ನಿಗೆ!" ಅಂಪಾರೊ ಓಡಿಹೋಗಿ ಅವನ ಭುಜ ಹಿಡಿದಳು. ಹೆದರಿಕೆಗೆ ಅವಳ ಬಾಯಿಯ ಬೀಗ ಕಿತ್ತುಹೋಯಿತು. "ಹದಿನಾರು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ ಮದುವೆ ಆಗ್ತೀಯಾ ಅಂತ ಕೇಳಿದ್ರೆ ಈ ಗತಿ ಬರ್ತಿತ್ತೇನೋ ಮುದುಕಾ! ಯಾವತ್ತೋ ಆಪರೇಷನ್ ಆಗಿರೋದು!"

ಕೂಕಾಳ ಲೋಟ ತುಂಬಿ ಕಾಫಿ ನೆಲಕ್ಕೆ ಹರಿಯಿತು.

ಚೋನ್ ಅವಳ ಮುಖವನ್ನೇ ನೋಡಿದ. ಅವಳು ಅಳುತ್ತಿದ್ದಳು, ಅದೂ ಇಷ್ಟು ಜನರ ಮುಂದೆ. ಕೊನೆಗೂ ಅವನಿಗೆ ಕೇಳಿಸಿತು.

"ಅಂಪಾರೊ," ಎಂದ ಹಲ್ಲು ಕಚ್ಚಿಕೊಂಡು, "ಹೇಗೂ ಮೊಣಕಾಲ ಮೇಲಿದೀನಿ, ಎದ್ದೇಳೋಕೂ ಆಗ್ತಿಲ್ಲ. ನನ್ ಮದುವೆ ಆಗ್ತೀಯಾ?"

"ಯೋಚ್ನೆ ಮಾಡಿ ಹೇಳ್ತೀನಿ," ಎಂದಳು ಆ ಮಹಾತಾಯಿ, ಮೂಗು ಒರೆಸಿಕೊಳ್ಳುತ್ತಾ. ಆಮೇಲೆ "ಹೂಂ" ಎಂದಳು. ಈ ಸಲ ಚಪ್ಪಾಳೆಗೆ ಯಾರೂ ಅಡ್ಡಿ ಮಾಡಲಿಲ್ಲ. ಬೆಂಚಿನ ಮೇಲೆ ಮಲಗಿಸಿದ ಮೇಲೆ ಗಂಟು ಒಳಗೆ ಸರಿದು ಅವನ ನೋವೂ ಇಳಿಯಿತು. ಮೊದಲು ಚಪ್ಪಾಳೆ ತಟ್ಟಿದವಳು ದೋಣ್ಯಾ ಕೂಕಾ. ಪಾಪ, ಅವಳನ್ನು ನಾನು ತಪ್ಪು ತಿಳಿದಿದ್ದೆ. ಮದುವೆಯ ತಮಾಲೆ ಕಡುಬುಗಳನ್ನೂ ಅವಳೇ ಬೇಯಿಸಿದಳು. ಸುದ್ದಿಯನ್ನಂತೂ ಊರಾಚೆಗೆ ತಲುಪಿಸಿಯೇ ಇದ್ದಳು, ಅದು ಬೇರೆ ಮಾತು.

ಮದುವೆಯ ಮಾರನೆಯ ದಿನವೇ ಅಂಪಾರೊ ಮಿಸ್ ಟ್ರೆವಿನ್ಯೊ ಅವರ ಮುಂದೆ ನಿಂತು "ಘಟನೆ ನಡೀತು" ಎಂದಳು. ವಿಮೆ ಬಂತು. ಆಪರೇಷನ್ ದಿನ ಚೋನ್ ಹಿಂಬದಿ ತೆರೆದ ಆಸ್ಪತ್ರೆಯ ಅಂಗಿ ತೊಟ್ಟು ಮಲಗಿದ್ದ. ನಾವಿಬ್ಬರೂ ಪಕ್ಕದಲ್ಲಿದ್ದೆವು. ಡಾಕ್ಟರು ನಗುತ್ತಾ ಬಂದು, ಮದುವೆಯಾಗಿ ಎಷ್ಟು ವರ್ಷವಾಯಿತು ಎಂದು ವಿಚಾರಿಸಿದರು.

"ಹದಿನಾರು ವರ್ಷ," ಎಂದಳು ಅಂಪಾರೊ ಅಭ್ಯಾಸಬಲದಿಂದ. ನಾನು ಅವಳ ಕಾಲು ತುಳಿದೆ.

"ಮೂರು ವಾರ, ಡಾಕ್ಟ್ರೇ," ಎಂದ ಚೋನ್, ಅವಳ ಕೈ ಹುಡುಕಿ ಹಿಡಿದುಕೊಂಡು. "ಅಲ್ಲೀವರ್ಗೂ ನಾನು ಕೇಳಿರ್ಲಿಲ್ಲ."