ಉಜ್ಜಿದಷ್ಟೂ ಹಳದಿ

ತಣ್ಣೀರು ಬಾಯಿಗೆ ಬಿದ್ದ ಕೂಡಲೇ ಪುಟ್ಟಿ ಕೆನ್ನೆ ಹಿಡಿದುಕೊಂಡು ಕೂತುಬಿಟ್ಟಳು. ಹೊಲಿಯುತ್ತಿದ್ದ ಅಕ್ಕ ಮಷೀನು ನಿಲ್ಲಿಸಿದಳು.

"ಏನಾಯ್ತೇ?"

"ಏನಿಲ್ಲ. ಹಲ್ಲು ಸ್ವಲ್ಪ ಜುಮ್ಮಂತು."

"ಎಲ್ಲಿ, ಬಾಯಿ ತೆಗಿ."

ಪುಟ್ಟಿ ತೆಗೆಯಲಿಲ್ಲ. ಅಕ್ಕ ಎದ್ದು ಬಚ್ಚಲಿಗೆ ಹೋಗಿ ನೋಡಿದಳು. ಕನ್ನಡಿಯ ಕೆಳಗಿನ ಹಲಗೆ ಮೇಲೆ ಹಲ್ಲು ಬಿಳಿ ಮಾಡುವ ಪೇಸ್ಟು, ಇದ್ದಿಲ ಪುಡಿಯ ಡಬ್ಬಿ, ಉಪ್ಪು ಹಚ್ಚಿದ ನಿಂಬೆ ಹೋಳು. ಬ್ರಷ್ಷಿನ ಎಳೆಗಳು ಹಳೇ ಪೊರಕೆ ಹಾಗೆ ಕೆದರಿದ್ದವು, ಬುಡದಲ್ಲಿ ರಕ್ತದ ಕಲೆ.

"ಇದೇನು, ಹಲ್ಲು ತಿಕ್ತಿದ್ದೀಯೋ, ತಳ ಹಿಡಿದ ಪಾತ್ರೆ ತಿಕ್ತಿದ್ದೀಯೋ?"

ಪುಟ್ಟಿ ಅಳುತ್ತಾ ಹೇಳಿದಳು. ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಿರಾಕಿಯ ಮೂಗಿಗೆ ಫ್ರೇಮು ಕೂರಿಸಿ, ಕಿವಿ ಹಿಂದೆ ಬಿಗಿಯಾಯ್ತಾ ಅಂತ ನೋಡಬೇಕು. ಒಂದು ದಿನ ಮಾಲೀಕರು ಎಲ್ಲರೆದುರೇ ಅಂದರಂತೆ: "ಅಷ್ಟು ಹತ್ತಿರ ಹೋಗಿ ಮಾತಾಡ್ತೀಯ, ಆ ಹಳದಿ ಹಲ್ಲಿಗೆ ಏನಾದ್ರೂ ಮಾಡ್ಕೋ." ಅವತ್ತಿನಿಂದ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಿದ್ದಾಳೆ.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಆ ಮನುಷ್ಯ ಅಂದ, ನೀನು ಕೇಳಿದೆ."

ಬಾಗಿಲಲ್ಲಿ ನಿಂತಿದ್ದ ಅಮ್ಮ ಅಡ್ಡ ಬಂದರು. "ಅವಳನ್ನ ಯಾಕೆ ಬಯ್ತೀಯ? ಕೆಲಸ ಕೊಟ್ಟವರು ಹೇಳಿದ್ರೆ ಕೇಳಬೇಕು. ಪೇಸ್ಟು ತರೋಕೆ ಹೇಳಿದ್ದು ನಾನೇ. ಅಷ್ಟು ದೊಡ್ಡ ಕಂಪನಿ ಸುಳ್ಳು ಹೇಳುತ್ತಾ? ಟೀವೀಲಿ ಬಿಳಿ ಕೋಟು ಹಾಕಿದವರೇ ಹೇಳ್ತಾರೆ."

"ಕೋಟು ನಾನೂ ಹೊಲೀತೀನಮ್ಮ. ಹಾಕ್ಕೊಂಡವರೆಲ್ಲ ಡಾಕ್ಟರಾಗಲ್ಲ. ನಾಳೆ ಆಸ್ಪತ್ರೆಗೆ ಹೋಗೋಣ, ನೀನೂ ಬಾ."

ಸರ್ಕಾರಿ ಆಸ್ಪತ್ರೆಯ ಹಲ್ಲಿನ ಡಾಕ್ಟರಮ್ಮ ಪುಟ್ಟಿಯ ಬಾಯಿಗೆ ದೀಪ ಹಿಡಿದು ನೋಡಿದರು. ಮುಖ ಬಿಗಿಯಾಯಿತು.

"ಹೀಗೆ ಮಾಡ್ಕೊಂಡು ಬಂದವಳು ಇನ್ನೊಬ್ಬಳು," ಅಂದರು. "ನೋಡಮ್ಮ, ಹಲ್ಲಿನ ಮೇಲೆ ಗಟ್ಟಿ ಪದರ ಒಂದಿದೆ. ಅದರ ಒಳಗಿನ ಭಾಗ ಹುಟ್ಟಿನಿಂದಲೇ ಹಳದಿ. ಹಾಗಾಗಿ ಒಳ್ಳೇ ಹಲ್ಲೂ ಸ್ವಲ್ಪ ಹಳದಿಯಾಗೇ ಕಾಣಬಹುದು, ಅದು ರೋಗ ಅಲ್ಲ. ನೀನು ಇದ್ದಿಲು, ನಿಂಬೆ ಹಾಕಿ ಮೇಲಿನ ಪದರ ಸವೆಸಿದ್ದೀಯ. ಸುಣ್ಣ ಕೆರೆದರೆ ಗೋಡೆ ಬೆಳ್ಳಗಾಗುತ್ತಾ? ಇಟ್ಟಿಗೆ ಕಾಣುತ್ತೆ."

"ಹಾಗಾದ್ರೆ ಆ ಪೇಸ್ಟು ಏನೂ ಮಾಡಲ್ವಾ?" ಅಮ್ಮ ಕೇಳಿದರು.

"ಮಾಡುತ್ತೆ. ಟೀ, ಕಾಫಿ, ತಂಬಾಕಿನಿಂದ ಮೇಲೆ ಕೂತ ಕಲೆಯನ್ನ ಸ್ವಲ್ಪ ತೆಗೆಯುತ್ತೆ. ಕೆಲವು ಪೇಸ್ಟಲ್ಲಿ ನೀಲಿ ಬಣ್ಣ ಸೇರಿಸಿರ್ತಾರೆ, ಸ್ವಲ್ಪ ಹೊತ್ತು ಬೆಳ್ಳಗೆ ಕಾಣುತ್ತೆ, ಆಮೇಲೆ ಹೋಗುತ್ತೆ. ಆದರೆ ಹಲ್ಲಿನ ಒಳಗಿನ ಬಣ್ಣ ಪೇಸ್ಟಿಂದ ಬದಲಾಗಲ್ಲ. ಪೆಟ್ಟು ಬಿದ್ದು ಕಪ್ಪಾದ ಹಲ್ಲು, ಕೆಲವು ಊರಿನ ಬೋರ್‌ವೆಲ್ ನೀರು ಕುಡಿದು ಬಂದ ಕಲೆ, ಇವೂ ಹೋಗಲ್ಲ. ಬಿಳಿ ಮಾಡಿಸಲೇಬೇಕು ಅಂದ್ರೆ ಚಿಕಿತ್ಸೆ ಬೇರೆ ಇದೆ, ಡಾಕ್ಟರ ಹತ್ತಿರವೇ ಆಗಬೇಕು."

"ಸವೆದದ್ದು ಮತ್ತೆ ಬೆಳೆಯುತ್ತಾ?" ಪುಟ್ಟಿ ಮೆಲ್ಲಗೆ ಕೇಳಿದಳು.

"ಇಲ್ಲ. ಉಗುರು, ಕೂದಲಿನ ಹಾಗಲ್ಲ ಅದು."

ಅಮ್ಮನ ಮುಖ ನೋಡೋಕಾಗಲಿಲ್ಲ. ಡಾಕ್ಟರಮ್ಮ ಜುಮ್ಮೆನ್ನುವುದು ಕಡಿಮೆಯಾಗಲು ಬೇರೆ ಪೇಸ್ಟು ಬರೆದುಕೊಟ್ಟು, ಮೆತ್ತನೆ ಬ್ರಷ್ಷಿನಲ್ಲಿ ಒತ್ತದೆ ಉಜ್ಜುವುದು ಹೇಗೆ ಅಂತ ತೋರಿಸಿದರು. ಅಮ್ಮ ಹೊರಗೆ ಬಂದರು. ಬಂದವರು ಮನೆ ಕಡೆ ತಿರುಗಲಿಲ್ಲ, ನೇರ ಕನ್ನಡಕದ ಅಂಗಡಿಗೆ ನಡೆದರು. ಅಕ್ಕ, ಪುಟ್ಟಿ ಇಬ್ಬರೂ ಹಿಂದೆ ಓಡಬೇಕಾಯಿತು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅಮ್ಮ ಮಾಲೀಕರ ಎದುರಿನ ಕುರ್ಚಿಯಲ್ಲಿ ಕೂತರು.

"ನನ್ನ ಮಗಳ ಹಲ್ಲು ಹಳದಿ ಅಂದ್ರಂತೆ."

"ಅಯ್ಯೋ, ಒಳ್ಳೇದಕ್ಕೇ ಹೇಳಿದ್ದಮ್ಮ. ವ್ಯಾಪಾರ ನೋಡಿ."

"ಅವಳ ಹಲ್ಲು ಗಟ್ಟಿಯಾಗಿದ್ದವು. ನಿಮ್ಮ ಮಾತಿಗೆ ಹೆದರಿ, ನನ್ನ ಮಾತು ನಂಬಿ ಸವೆಸಿಕೊಂಡಳು. ಈಗ ನೀರು ಕುಡಿಯೋಕಾಗಲ್ಲ. ಹೋದದ್ದನ್ನ ನೀವು ತಂದು ಕೊಡ್ತೀರಾ?"

ಮಾಲೀಕರು ಗಾಜು ಒರೆಸುವ ಬಟ್ಟೆ ಎತ್ತಿಕೊಂಡರು.

"ಊರವರ ಕಣ್ಣು ಸರಿ ಮಾಡೋರು ನೀವು, ಅವಳ ಕೆಲಸ ಮಾತ್ರ ಕಾಣಲಿಲ್ಲ, ಹಲ್ಲು ಕಂಡಿತು. ಇನ್ನೊಂದು ಸಲ ಅವಳ ಬಾಯಿ ಬಗ್ಗೆ ಮಾತಾಡಿದ್ರೆ ದಿನಾ ಇಲ್ಲೇ ಬಂದು ಕೂರ್ತೀನಿ, ಬಂದ ಗಿರಾಕಿಗೆಲ್ಲ ಇದನ್ನೇ ಹೇಳ್ತೀನಿ."

ಫ್ರೇಮು ನೋಡುತ್ತಿದ್ದ ಹೆಂಗಸೊಬ್ಬರು ತಿರುಗಿ, "ನನಗೆ ಈ ಹುಡುಗೀನೇ ತೋರಿಸಲಿ," ಅಂದರು. ಮಾಲೀಕರು ಕ್ಷಮೆ ಕೇಳಲಿಲ್ಲ. ಆದರೆ ಆಮೇಲೆ ಆ ಮಾತು ಎತ್ತಲೂ ಇಲ್ಲ.

ಪುಟ್ಟಿಗೆ ಈಗ ನೋವು ಕಡಿಮೆಯಾಗಿದೆ, ಸವೆದ ಹಲ್ಲು ಸವೆದೇ ಇದೆ. ಅಮ್ಮನ ಸಿಟ್ಟೂ ಇಳಿದಿಲ್ಲ. ಟೀವೀಲಿ ಆ ಜಾಹೀರಾತು ಬಂದರೆ ಎದ್ದು ಆರಿಸಿಬಿಡುತ್ತಾರೆ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಬೆಳ್ಳಗಿರುವುದೆಲ್ಲ ಹಾಲಲ್ಲ. ಫ್ಲೋರೈಡ್ ಇರುವ ಸಾದಾ ಪೇಸ್ಟು, ಬಟಾಣಿ ಕಾಳಿನಷ್ಟು ಸಾಕು. ಮೆತ್ತನೆ ಬ್ರಷ್ಷಿನಲ್ಲಿ ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಉಜ್ಜಿ. ಇದ್ದಿಲು, ನಿಂಬೆ, ಉಪ್ಪು ಹಲ್ಲಿಗೆ ಬೇಡ. ತಂಬಾಕು ಬಿಡಿ. ಕಲೆ ಹೋಗದಿದ್ದರೆ, ನೋವಿದ್ದರೆ, ಹಲ್ಲಿನ ಡಾಕ್ಟರಿಗೆ ತೋರಿಸಿ. ನಿಮ್ಮ ಹಲ್ಲು ಹಳದಿ ಅಂತ ಯಾರಾದರೂ ಆಡಿಕೊಂಡರೆ ಅವರ ಮುಖ ನೋಡಿಕೊಂಡೇ ಬಾಯಿ ತುಂಬ ಉತ್ತರ ಕೊಡಿ. ಹಲ್ಲು ಇರುವುದು ಅಗಿಯೋಕೆ, ಮಾತಾಡೋಕೆ. ಇನ್ನೊಬ್ಬರ ಮಾತಿಗೆ ಹೆದರಿ ಸವೆಸೋಕಲ್ಲ.