ಎಡಗೈಯ ಎರಡು ಫಿಲ್ಮು

ಹೆಣವನ್ನು ಗೋಡೆಗೆ ಆನಿಸಿ ಕೂರಿಸುತ್ತಿದ್ದವರ ನಡುವೆ ನುಗ್ಗಿ ಗುರಲಿಂಗಪ್ಪ ಅದರ ಎಡಗೈಯ ಕಡೆಗೇ ನಿಂತ.

"ನೀ ಯಾಕ ಬಂದಿ?" ಸತ್ತವನ ಅಳಿಯ ಸಂಗು ಕಣ್ಣು ಕೆಂಪಗೆ ಮಾಡಿದ.

"ಬಾಜೂ ಮನಿಯವ. ಬರಬಾರದೇನು?"

ಬಂದದ್ದು ಕೈ ನೋಡಲಿಕ್ಕೆ. ಸತ್ತವನು ರೇವಪ್ಪ, ಮಸೂತಿ ಊರಿನ ಹಳೇ ಟೇಲರ್. ಅವನ ಎಡಗೈ ಎಂಟು ವರ್ಷದಿಂದ ಮಡಿಚಿರಲಿಲ್ಲ. ಅದು ನಾಟಕವೆಂದು ಊರ ತುಂಬ ಹೇಳಿಕೊಂಡು ತಿರುಗಿದವನು ಗುರಲಿಂಗಪ್ಪನೇ. ಸತ್ತವನಿಗೆ ನಾಟಕ ಬರುವುದಿಲ್ಲ, ಇವತ್ತು ಖಾತ್ರಿಯಾಗಲೇಬೇಕು.

*

ಬಚ್ಚಲ ನೀರಿನ ಜಗಳದಲ್ಲಿ ಗುರಲಿಂಗಪ್ಪನ ಬಡಿಗೆ ರೇವಪ್ಪನ ಮೊಣಕೈಗೆ ಬಿದ್ದಿತ್ತು. ಅಂದಿನ ಎಕ್ಸ್‌ರೇಯಲ್ಲಿ ಎಲುಬು ನೆಟ್ಟಗೆ ಕಂಡಿತು. ಡಾಕ್ಟರು ‘ಸಾದಾ ಗಾಯ’ ಎಂದು ಬರೆದುಕೊಟ್ಟರು. ಬಾವು ಇಳಿಯದೆ, ಇಪ್ಪತ್ತು ದಿನದ ಮೇಲೆ ವಿಜಯಪುರದಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೊಣಕೈಯೊಳಗೆ ಬಿರುಕು ಕಂಡಿತು.

ಬಾಗೇವಾಡಿಯ ಕೋರ್ಟಿನಲ್ಲಿ ಗುರಲಿಂಗಪ್ಪನ ವಕೀಲ ಮೊದಲ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ. "ಇದರಾಗ ಬಿರುಕು ಎಲ್ಲೈತ್ರಿ? ಎರಡನೇದು ಯಾರ ಕೈಯೋ ಏನೋ!"

ಗುರಲಿಂಗಪ್ಪ ಸಣ್ಣ ದಂಡ ಕಟ್ಟಿ ಬಚಾವಾದ. ರೇವಪ್ಪ ಮಷಿನ್ ಮಾರಿ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರಲು ಕೂತ.

ವಕೀಲನ ಮಾತನ್ನು ಗುರಲಿಂಗಪ್ಪ ಗಟ್ಟಿಯಾಗಿ ಹಿಡಿದುಕೊಂಡ. ಅದು ಸುಳ್ಳಾದರೆ ಒಬ್ಬನ ಕಸುಬು ಮುರಿದವನು ತಾನೇ ಆಗುತ್ತಿದ್ದ. ಮಾಳಿಗೆಯ ಮೇಲಿಂದ ರೇವಪ್ಪನನ್ನು ಕದ್ದು ನೋಡಿದ. ಒಮ್ಮೆ ದಾರಿಯಲ್ಲಿ, "ಹಿಡಿ!" ಎಂದು ಲಿಂಬೆಹಣ್ಣನ್ನು ರಪ್ಪನೆ ಎಡಕ್ಕೆ ಎಸೆದ. ಕೈ ಏಳಲಿಲ್ಲ. ಹಣ್ಣು ಎದೆಗೆ ಬಡಿದು ಬಿತ್ತು. ಭಾರಿ ಕಳ್ಳ, ಎಂದುಕೊಂಡ ಗುರಲಿಂಗಪ್ಪ.

*

"ಲಗೂ ಮಡಚ್ರಿ, ಸೆಟೀತಾವ," ಎಂದರು ಹಿರಿಯರಾದ ಬಸಂತರಾಯರು. ಉಸಿರು ನಿಂತು ತಾಸಾಗಿರಲಿಲ್ಲ. ಮೊಣಕಾಲು ಮಡಿಚಿ ಪದ್ಮಾಸನ ಹಾಕಿಸಿದರು. ಬಲಗೈಯೂ ಮಡಿಚಿತು.

ಎಡಗೈಯನ್ನು ಗುರಲಿಂಗಪ್ಪ ತಾನೇ ಹಿಡಿದ. ಮೆಲ್ಲಗೆ ಒತ್ತಿದ, ಆಮೇಲೆ ಜೋರಾಗಿ. ಮೊಣಕೈ ಎಳ್ಳಷ್ಟೂ ಬಗ್ಗಲಿಲ್ಲ.

"ಸತ್ತಮ್ಯಾಗ ಎಲ್ಲಾರ ಕೈನೂ ಸೆಟೀತಾವ್ರಿ," ಎಂದ. ದನಿ ಅವನದೇ ಅನಿಸಲಿಲ್ಲ.

"ಹಂಗಾರ ಬಲಗೈ ಹೆಂಗ ಮಡಚ್ತಪಾ?" ಎಂದರು ಬಸಂತರಾಯರು.

ಗುರಲಿಂಗಪ್ಪ ಹಿಡಿದ ಕೈಯನ್ನು ಬಿಟ್ಟ. ಅಯ್ಯನವರು ಮುಂದೆ ಬಂದು ಇಷ್ಟಲಿಂಗವನ್ನು ರೇವಪ್ಪನ ಎಡ ಅಂಗೈಯಲ್ಲಿಟ್ಟರು. ಕೈ ಜೋತುಬಿದ್ದು ಲಿಂಗ ಜಾರಿತು. ಸಂಗು ಹಿಡಿಯಲು ಹೋದ.

"ತಡಿಯಪಾ," ಎಂದಳು ಸುಂದರವ್ವ. ಗಂಡ ಹೋದಾಗಿನಿಂದ ಅವಳು ಆಡಿದ ಮೊದಲ ಮಾತು ಅದು. ಗುರಲಿಂಗಪ್ಪನ ಕಡೆ ತಿರುಗಿದಳು. "ಅಣ್ಣಾರ, ಲಿಂಗ ಎದಿ ಹತ್ರ ಬರತಿದ್ದಿಲ್ಲರಿ ಇವರಿಗೆ. ಕೈ ಮುಂದ ಚಾಚಿ, ದೂರ ಇಟಗೊಂಡಽ ಪೂಜಿ ಮಾಡ್ತಿದ್ರು. ಕೈ ನಡಗತಿತ್ತು. ಎಂಟು ವರ್ಷ ಎದುರಿಗೆ ಕುಂತು ಕೆಳಗ ನಾ ಹಿಡದೇನಿ. ಇವತ್ತೊಂದಿನ ನೀವು ಹಿಡೀರಿ."

ಗುರಲಿಂಗಪ್ಪ ಹೆಣದ ಎದುರು ಕೂತ. ನೆಟ್ಟಗಿನ ಆ ಕೈಯನ್ನು ಎತ್ತಿ, ಎರಡೂ ಅಂಗೈ ಕೆಳಗೆ ಕೊಟ್ಟ. ಅಯ್ಯನವರು ಮತ್ತೆ ಲಿಂಗವಿಟ್ಟು ಮಂತ್ರ ಶುರುಮಾಡಿದರು. ಅಷ್ಟು ಹತ್ತಿರದಿಂದ ರೇವಪ್ಪನ ಮುಖ ನೋಡದೆ ಗತಿಯಿರಲಿಲ್ಲ. ಸ್ವಲ್ಪ ಹೊತ್ತಿಗೆ ಗುರಲಿಂಗಪ್ಪನ ತೋಳುಗಳು ನಡುಗತೊಡಗಿದವು. ಅವನ ಮೊಣಕೈಗಳೆರಡೂ ಸರಾಗವಾಗಿ ಮಡಿಚಿದ್ದವು.